ಆಲ್ಕಲೈನ್ ನೀರಿನ ಮಷಿನ್: ಲಕ್ಷ ಕೊಡುವ ಮುಂಚೆ ಇದನ್ನು ಓದಿ

ಕುಷ್ಟಗಿಯ ನಮ್ಮ ಅಕ್ಕನ ಮನೆಗೆ ಆಲ್ಕಲೈನ್ ನೀರಿನ ಮಷಿನ್ ಬಂದಿದೆ. ಬೆಲೆ ಲಕ್ಷದ ಮೇಲೆ, ಕಂತಿನಲ್ಲಿ ತಗೊಂಡಿದ್ದಾರೆ. ಕಂಪನಿ ಹೆಸರು ಬೇಡ, ಈ ಥರದ್ದೆಲ್ಲ ಹೆಚ್ಚುಕಮ್ಮಿ ಒಂದೇ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ನೋಡಲು ಚೆಂದ, ಅಡುಗೆ ಕಟ್ಟೆ ಮೇಲೆ ಜಾಗ ಜಾಸ್ತಿ ಹಿಡಿಯಲ್ಲ. ಗುಂಡಿ ಒತ್ತಿದರೆ 8.5 ಪಿಎಚ್ ನೀರು, ಇನ್ನೊಮ್ಮೆ ಒತ್ತಿದರೆ 9.5 (ಪಿಎಚ್ ಅಂದರೆ ಆಮ್ಲ, ಕ್ಷಾರದ ಅಳತೆ: 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ). ಅದು ಸುಳ್ಳಲ್ಲ. ಒಳಗಿನ ಪ್ಲೇಟುಗಳಿಗೆ ಕರೆಂಟ್ ಹರಿದು ಒಂದು ಪೈಪಿನಲ್ಲಿ ಕ್ಷಾರದ ನೀರು, ಇನ್ನೊಂದರಲ್ಲಿ ಆಮ್ಲದ ನೀರು ಬರುತ್ತದೆ. ಆಮ್ಲದ ನೀರಲ್ಲಿ ಅಕ್ಕ ಸಿಂಕ್ ತೊಳೆಯುತ್ತಾಳೆ.

ನನ್ನ ತಕರಾರು ಡೆಮೊ ಬಗ್ಗೆ. ಬಂದ ಹುಡುಗ ಎರಡು ಗ್ಲಾಸಿಗೆ ಒಂದೊಂದು ಹನಿ ಬಣ್ಣ ಹಾಕಿದ. ಬಾಟಲಿ ನೀರು ಹಳದಿ ಆಯಿತು, ಮಷಿನ್ ನೀರು ನೇರಳೆ. ಆಮೇಲೆ ಅಕ್ಕನ ಮಾವನಿಗೆ, "ನೋಡ್ರಿ ಅಜ್ಜಾರ, ನಿಮ್ಮ ರಕ್ತನೂ ಹಿಂಗ ಆಸಿಡ್ ಆಗೇತ್ರಿ, ಅದಕ್ಕ ಶುಗರ್, ಮೊಣಕಾಲು ನೋವು" ಅಂದ. ರಕ್ತ ಆ ಹಳದಿಯಷ್ಟು ಆಸಿಡ್ ಆದ ಮನುಷ್ಯ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಾ ಡೆಮೊ ನೋಡಲು ಆಗುತ್ತದಾ? ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರಬೇಕು. 6.8ಕ್ಕೆ ಇಳಿದರೆ ಬದುಕುವುದೇ ಕಷ್ಟ.

ಇದನ್ನು ಕಾಯುವುದು ನೀರಲ್ಲ, ಶ್ವಾಸಕೋಶ ಮತ್ತು ಕಿಡ್ನಿ. ರಕ್ತದಲ್ಲಿ ಆಮ್ಲ ಏರಿದರೆ ಕೆಲವೇ ನಿಮಿಷದಲ್ಲಿ ಉಸಿರಾಟ ಜೋರಾಗಿ ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ. ಕಿಡ್ನಿ ನಿಧಾನ, ಆದರೆ ಗಟ್ಟಿ ಕೆಲಸ: ಆಮ್ಲವನ್ನು ಮೂತ್ರಕ್ಕೆ ತಳ್ಳಿ ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಉಳಿಸಿಕೊಳ್ಳುತ್ತದೆ, ಅದಕ್ಕೆ ಕೆಲವು ದಿನ ಬೇಕು. ಇನ್ನು ನೀವು ಕುಡಿದ 9.5ರ ನೀರು ಮೊದಲು ಬೀಳುವುದು ಹೊಟ್ಟೆಯ ಆಮ್ಲಕ್ಕೆ, ಅಲ್ಲಿನ ಪಿಎಚ್ ಸುಮಾರು 2. ಈ ನೀರಲ್ಲಿ ಕ್ಷಾರದ ಅಂಕಿ ದೊಡ್ಡದು, ಆಮ್ಲವನ್ನು ತಣಿಸುವ ಸರಕು ಕಡಿಮೆ. ಅಲ್ಲಿಗೆ ಮುಗಿಯಿತು.

ಮೂತ್ರದ ಪಟ್ಟಿ ಬಣ್ಣ ಬದಲಾಯಿಸಿದ್ದನ್ನೂ ಸಾಕ್ಷಿ ಅಂತ ತೋರಿಸುತ್ತಾರೆ. ಅದು ಕಿಡ್ನಿ ಬೇಡದ್ದನ್ನು ಹೊರಗೆ ಹಾಕಿದ ಗುರುತು, ರಕ್ತದ ಲೆಕ್ಕ ಅಲ್ಲ. ರಕ್ತದ್ದು ನಿಜವಾಗಿ ಗೊತ್ತಾಗಬೇಕಾದರೆ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಎಬಿಜಿ ಟೆಸ್ಟ್ (ರಕ್ತದ ಪಿಎಚ್ ಮತ್ತು ಅನಿಲಗಳನ್ನು ಅಳೆಯುವುದು) ಮಾಡಬೇಕು.

ನನಗೆ ಭಯ ಆಗಿದ್ದು ಇಲ್ಲೇ. ಮಾವನ ಕಿಡ್ನಿ ವೀಕು, ಅದಕ್ಕೆ ಡಾಕ್ಟರು ಸೋಡಾ ಮಾತ್ರೆ, ಅಂದರೆ ಸೋಡಿಯಂ ಬೈಕಾರ್ಬನೇಟ್, ಬರೆದುಕೊಟ್ಟಿದ್ದಾರೆ. ಮಷಿನ್ ಬಂತಲ್ಲ, ಇನ್ನು ಮಾತ್ರೆ ಯಾಕೆ ಅಂತ ಅವರು ಡಬ್ಬಿ ಪಕ್ಕಕ್ಕಿಟ್ಟಿದ್ದರು! ಅಕ್ಕ ಬೈದು ಮತ್ತೆ ಶುರು ಮಾಡಿಸಿದಳು. ಇನ್ಸುಲಿನ್ ತಗೊಳ್ಳುವವರು ಹೀಗೆ ಬಿಟ್ಟರೆ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರಿ, ಉಸಿರು ಆಳವಾಗಿ ಜೋರಾಗಿ, ಬಾಯಲ್ಲಿ ಹಣ್ಣು ಕೊಳೆತಂಥ ವಾಸನೆ ಬಂದು, ಆಸ್ಪತ್ರೆಗೆ ಓಡುವ ಪರಿಸ್ಥಿತಿ ಬರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಭೇದಿ ಜಾಸ್ತಿ, ಆಗ ಬೈಕಾರ್ಬನೇಟ್ ಕರುಳಿನಿಂದಲೇ ಹರಿದುಹೋಗುತ್ತದೆ. ಅದಕ್ಕೆ ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣವೇ ಸರಿ, ಡಬ್ಲ್ಯುಎಚ್ಒ ಸೂತ್ರ ಅಂತ ಬರೆದಿದ್ದು. ಅದರಲ್ಲಿ ಲೀಟರಿಗೆ 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ, ದೇಹದೊಳಗೆ ಅದೇ ಬೈಕಾರ್ಬನೇಟ್ ಆಗುತ್ತದೆ. ಲಕ್ಷದ ಮಷಿನ್ ಮಾಡದ ಕೆಲಸ.

ಅಸಲಿ ವಿಷಯ ನೀರಿನದ್ದು. ಕೊಪ್ಪಳ, ರಾಯಚೂರಿನ ಎಷ್ಟೋ ಊರಿನ ಬೋರ್ ನೀರಲ್ಲಿ ಫ್ಲೋರೈಡ್ ಇದೆ, ಹಳ್ಳಿಗಳಲ್ಲಿ ಕಲೆ ಬಿದ್ದ ಹಲ್ಲು ನೋಡಿಯೇ ಇರುತ್ತೀರಿ. ಪಿಎಚ್ ಏರಿಸಿದರೆ ಫ್ಲೋರೈಡ್ ಹೋಗಲ್ಲ. ಹೋಗಬೇಕಾದರೆ ಆರ್‌ಒದಂಥ ಫಿಲ್ಟರ್ ಬೇಕು. ಆದರೆ ಆರ್‌ಒ ನೀರಲ್ಲಿ ಲವಣ ಕಡಿಮೆ, ಕರೆಂಟ್ ಸರಿಯಾಗಿ ಹರಿಯಲ್ಲ, ಹಾಗಾಗಿ ಮಷಿನ್‌ಗೆ ಪಿಎಚ್ ಏರಿಸಲು ಆಗಲ್ಲ. ಆರ್‌ಒ ಇಲ್ಲದೆ ಗಡಸು ನೀರು ಬಿಟ್ಟರೆ ಪ್ಲೇಟಿಗೆ ಬಿಳಿ ಪದರ ಕಟ್ಟುತ್ತದೆ, ಸರ್ವಿಸ್ ಹುಡುಗ ಬಂದು ತೊಳೆದು ಹೋಗಬೇಕು, ಅದಕ್ಕೆ ಬೇರೆ ದುಡ್ಡು. ಇನ್ನೊಂದು: ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಪ್ರಕಾರ ಕುಡಿಯುವ ನೀರು 6.5ರಿಂದ 8.5 ಪಿಎಚ್. 9.5 ಅದರ ಮೇಲೇ ಆಯಿತು.

ಐದಕ್ಕೆ ಒಂದು ಸ್ಟಾರ್, ಅದೂ ಸಿಂಕ್ ತೊಳೆದಿದ್ದಕ್ಕೆ. ಡೆಮೊಗೆ ಬಂದವರನ್ನು ಬಣ್ಣದ ಹನಿ ಬಿಟ್ಟು, ನಿಮ್ಮ ಬೋರ್ ನೀರಿನ ಫ್ಲೋರೈಡ್ ಮಷಿನ್‌ಗೆ ಹಾಕುವ ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ಲ್ಯಾಬ್ ವರದಿ ಕೇಳಿ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗೆ ಇದೆಯಾ ನೋಡಿ, ಆಮೇಲೆ ಕಂತಿನ ಮಾತು.