ಕಲಬುರಗಿಯ ಭಾನುವಾರದ ನಾಯಿ ದವಾಖಾನೆ: ಪುಕ್ಕಟೆಯೇನೋ ಹೌದು, ಕೆಲಸ ಹೇಗೆ?

ಆಳಂದ ರಸ್ತೆ ಕಡೆಯ ಓಣಿಯೊಂದರಲ್ಲಿ, ತಗಡಿನ ಶೆಡ್ಡಿನಡಿ ನಡೆಯುವ ಈ ಧರ್ಮಾರ್ಥ ದವಾಖಾನೆಗೆ ಬರುವುದು ಬೀದಿನಾಯಿ, ಬೆಕ್ಕು, ಆಗೊಂದು ಈಗೊಂದು ಮೇಕೆ. ಶುಲ್ಕವಿಲ್ಲ, ಬಾಗಿಲ ಬಳಿ ಡಬ್ಬಿಯಿದೆ, ಆದಷ್ಟು ಹಾಕಬಹುದು. ಇಲ್ಲಿ ಮೊದಲು ನೋಡಬೇಕಾದದ್ದು ಮೇಜಿನ ಮೇಲಿನ ನೋಟ್‌ಬುಕ್. ಒಂದು ನಾಯಿಗೆ ಒಂದು ಸಾಲು: ಬಣ್ಣ, ಓಣಿ, ರೊಟ್ಟಿ ಹಾಕುವವರ ಫೋನ್ ನಂಬರು, ಮುಂದಿನ ತಾರೀಖು. ತಾರೀಖು ದಾಟಿದರೆ ಕೆಂಪು ಗೆರೆ, ಮರುದಿನ ಫೋನು.

ನಾಯಿಗಳು ಕೂಡುವಾಗ ಹರಡುವ ಗಡ್ಡೆಗೆ ಇದು ಬೇಕೇ ಬೇಕು. ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ತೊಟ್ಟಿಕ್ಕುತ್ತದೆ. ಮದ್ದು ವಿನ್‌ಕ್ರಿಸ್ಟಿನ್, ಕೆ.ಜಿ.ಗೆ 0.025 ಮಿ.ಗ್ರಾಂ, 12 ಕೆ.ಜಿ. ನಾಯಿಗೆ 0.3 ಮಿ.ಗ್ರಾಂ, ವಾರಕ್ಕೊಮ್ಮೆ, ಸಾಮಾನ್ಯವಾಗಿ 4ರಿಂದ 6 ವಾರ. ಎರಡು ಮೂರು ಸೂಜಿಗೆ ರಕ್ತ ನಿಲ್ಲುತ್ತದೆ, ‘ಆರಾಮಾಯ್ತು’ ಅಂತ ಜನ ಕರೆತರುವುದು ಬಿಡುತ್ತಾರೆ, ಉಳಿದ ಗಡ್ಡೆ ಮತ್ತೆ ಚಿಗುರುತ್ತದೆ. ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲ ಚರ್ಮವೇ ಕೊಳೆಯುತ್ತದೆ. ಇಲ್ಲಿ ಮೊದಲು ಬರೀ ಸೆಲೈನ್ ಬಿಟ್ಟು, ನಾಳ ಸರಿಯಾಗಿ ಸಿಕ್ಕಿದೆ ಎಂದು ಖಾತ್ರಿಯಾದ ಮೇಲೆಯೇ ಮದ್ದು ಏರಿಸುತ್ತಾರೆ. ಅವಸರವಿಲ್ಲದ ಕೈ.

ಹುಳ ಬಿದ್ದ ಗಾಯದ ಕೆಲಸ ಇನ್ನೂ ಚೊಕ್ಕ. ಮನೆಯಲ್ಲಿ ಸೀಮೆಎಣ್ಣೆ, ಫಿನಾಯಿಲ್ ಸುರಿದುಕೊಂಡೇ ಹೆಚ್ಚಿನವರು ಬರುತ್ತಾರೆ. ಅದು ಹುಳಕ್ಕಿಂತ ಮೊದಲು ಮಾಂಸವನ್ನು ಸುಡುತ್ತದೆ. ಇಲ್ಲಿ ಸುತ್ತಲ ಕೂದಲು ಬೋಳಿಸಿ, ಟರ್ಪೆಂಟೈನ್ ಅದ್ದಿದ ಗಾಜ್ ಬಟ್ಟೆಯನ್ನು ಗಾಯದ ಬಾಯಿಗೆ ಕೆಲವು ನಿಮಿಷ ಒತ್ತುತ್ತಾರೆ. ಉಸಿರುಗಟ್ಟಿದ ಹುಳ ಬಾಲ ಮೇಲೆ ಮಾಡಿ ಬರುತ್ತವೆ, ಚಿಮಟದಿಂದ ಒಂದೊಂದೇ ಎತ್ತಿ ತಟ್ಟೆಗೆ. ಆಮೇಲೆ ತೆಳು ಚಹಾದ ಬಣ್ಣಕ್ಕೆ ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಎಂಬ ಗಾಯ ತೊಳೆಯುವ ಔಷಧದಿಂದ ತೊಳೆದು, ಅಂಚಿಗೆ ನೊಣ ಓಡಿಸುವ ಸ್ಪ್ರೇ. ನೊಣದ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ, ಆಳದಲ್ಲಿ ಸಣ್ಣ ಹುಳ ಉಳಿದಿರುತ್ತವೆ. ಹಾಗಾಗಿ ಮರುದಿನವೂ ತೊಳೆಯಲೇಬೇಕು. ಆದರೆ ದವಾಖಾನೆ ಭಾನುವಾರ ಮಾತ್ರ. ಸ್ಪ್ರೇ ಬಾಟಲಿ ಕೇಳಿ ಮನೆಗೆ ಒಯ್ಯಿರಿ.

ರೇಬೀಸ್ ಲಸಿಕೆ 3 ತಿಂಗಳು ತುಂಬಿದ ಮರಿಗೆ, ಆಮೇಲೆ ವರ್ಷಕ್ಕೊಮ್ಮೆ. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಲಸಿಕೆಯ ಡಬ್ಬದಲ್ಲಿ ಥರ್ಮಾಮೀಟರ್ ಇದೆ, ಸಂತೋಷ; ಆದರೆ ಬಾಟಲಿಗಳು ನೇರ ಐಸ್ ಪ್ಯಾಕಿಗೆ ಅಂಟಿಕೊಂಡಿರುತ್ತವೆ. ಹೆಪ್ಪುಗಟ್ಟಿದರೂ ಲಸಿಕೆ ಕೆಡುತ್ತದೆ. ನಡುವೆ ಒಂದು ರಟ್ಟು ಇಟ್ಟರೆ ಸಾಕಿತ್ತು.

ಸಂತಾನಹರಣ ಇಲ್ಲಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಂತೆ ಕೊಯ್ದ ಬೀದಿನಾಯಿಯನ್ನು ಕನಿಷ್ಠ 4 ದಿನ ಆರೈಕೆಯಲ್ಲಿಟ್ಟು, ಹಿಡಿದ ಜಾಗದಲ್ಲೇ ಬಿಡಬೇಕು. ಪಂಜರಕ್ಕೆ ಜಾಗವಿಲ್ಲದೆ ಕತ್ತಿಗೆ ಕೈ ಹಾಕದ್ದೇ ಸರಿ. ಮುರಿದ ಕಾಲಿಗೆ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಚೀಟಿ ಬರೆದುಕೊಡುತ್ತಾರೆ. ನೂರು ಕಿ.ಮೀ. ಮೀರಿದ ದಾರಿ, ನಾಯಿಗೆ ಬಸ್ಸಿಲ್ಲ, ಕೂಲಿಯವರಿಗೆ ಆ ಚೀಟಿ ಚೀಟಿಯಾಗಿಯೇ ಉಳಿಯುತ್ತದೆ.

ಬೇಸಿಗೆಯಲ್ಲಿ ಎಂಟರೊಳಗೆ ಹೋಗಿ. ಹತ್ತಕ್ಕೆ ತಗಡು ಕಾದು, ಬಾಯಿಗೆ ಪಟ್ಟಿ ಕಟ್ಟಿದ ನಾಯಿ ತೇಕಲಾಗದೆ ಒದ್ದಾಡುತ್ತದೆ. ಬಾಯಿಪಟ್ಟಿ ಸೂಜಿ ಹಾಕುವಷ್ಟು ಹೊತ್ತು ಸಾಕು, ಸಾಲಿನಲ್ಲಿ ಬೇಡ.

ದೊಡ್ಡ ತಕರಾರು ಉಣ್ಣೆಜ್ವರದ್ದು, ಅಂದರೆ ರಕ್ತ ಹೀರುವ ಉಣ್ಣೆ ಕಚ್ಚಿ ಬರುವ ಜ್ವರದ್ದು. ಹತ್ತು ಕೆ.ಜಿ. ನಾಯಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ದಿನಕ್ಕೆ 100 ಮಿ.ಗ್ರಾಂ, 28 ದಿನ ಕೊಡಬೇಕು. ಇಲ್ಲಿ ಕೈಗಿಡುವುದು 7 ಮಾತ್ರೆ. ಉಳಿದ 21 ಅಂಗಡಿಯಲ್ಲಿ ಕೊಳ್ಳಬೇಕೆಂದು ಬಾಯಲ್ಲಿ ಹೇಳುತ್ತಾರೆ, ಅಷ್ಟೇ. ಮೂರನೇ ದಿನಕ್ಕೆ ನಾಯಿ ರೊಟ್ಟಿ ತಿಂದರೆ ಯಾರೂ ಕೊಳ್ಳುವುದಿಲ್ಲ. ಗಡ್ಡೆಯ ನಾಯಿಗೆ ಇರುವ ಸಾಲು, ಕೆಂಪು ಗೆರೆ, ಫೋನು ಮಾತ್ರೆಯ ನಾಯಿಗೆ ಆ ನೋಟ್‌ಬುಕ್ಕಿನಲ್ಲಿಲ್ಲ.