ಶಿಮೇ ಮಠದ ನಾಲ್ಕು ಬಿಯರ್: ಗೋಲ್ಡ್, ರೆಡ್, ವೈಟ್, ಬ್ಲೂ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ವೈಟ್‌ಗೆ. ಶಿಮೇ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಬ್ಲೂ. ಅದರ ಹೆಸರು ಸುಮ್ಮನೆ ಬಂದದ್ದಲ್ಲ ನಿಜ, ಆದರೆ ನಾಲ್ಕನ್ನೂ ಒಂದೇ ಹಲಗೆಯ ಮೇಲೆ ಇಟ್ಟುಕೊಂಡು ಕುಡಿದರೆ ಲೆಕ್ಕ ಬದಲಾಗುತ್ತದೆ.

ಕುಡಿದದ್ದು ಪೊಟೊಪ್ರೆಯಲ್ಲಿ. ಬೆಲ್ಜಿಯಂನ ದಕ್ಷಿಣದ ತುದಿ, ಫ್ರಾನ್ಸ್ ಗಡಿಗೆ ಅಂಟಿಕೊಂಡಂತಿರುವ ಶಿಮೇ ಪಟ್ಟಣದ ಹೊರಗೆ, ಸ್ಕೂರ್ಮೋ ಮಠದ ಹತ್ತಿರ ಇರುವ ಹೋಟೆಲು ಅದು. ನಾನಿರುವ ಲೂವೆನ್‌ನಿಂದ ಅಲ್ಲಿಗೆ ಕಾರಿಲ್ಲದೆ ಹೋಗೋದು ಪಜೀತಿ. ಮಠದ ಚರ್ಚು, ತೋಟ ನೋಡಬಹುದು, ಬ್ರೂವರಿಯೊಳಗೆ ಮಾತ್ರ ಪ್ರವಾಸಿಗರನ್ನು ಬಿಡುವುದಿಲ್ಲ. ಹಾಗಾಗಿ ಬಿಯರಿನ ದರ್ಶನವೆಲ್ಲ ಹೋಟೆಲಿನ ಮೇಜಿನ ಮೇಲೇ.

1850ರಲ್ಲಿ ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಗಡದ ಸನ್ಯಾಸಿಗಳು ಬಂದು ಕಟ್ಟಿದ ಮಠ, 1862ರಿಂದ ಬಿಯರ್ ಕೆಲಸ, 1876ರಿಂದ ಚೀಸ್. ಮಠಕ್ಕೆ ಹೋಗಿದ್ದೆ ಅಂತ ಫೋನಿನಲ್ಲಿ ಹೇಳಿದಾಗ ನಮ್ಮತ್ತೆ "ಪ್ರಸಾದ ಏನು ಕೊಟ್ಟರು?" ಅಂತ ಕೇಳಿದರು. ಚೀಸ್ ಅಂದೆ. ಸುಳ್ಳೇನಲ್ಲವಲ್ಲ. ಬಾಟಲಿಯ ಮೇಲಿನ ಆರು ಮೂಲೆಯ ಟ್ರಾಪಿಸ್ಟ್ ಮುದ್ರೆ ಸಿಗಬೇಕಾದರೆ ಬಿಯರನ್ನು ಮಠದ ಆವರಣದಲ್ಲೇ, ಸನ್ಯಾಸಿಗಳ ಉಸ್ತುವಾರಿಯಲ್ಲೇ ಮಾಡಬೇಕು, ಬಂದ ಹಣ ಮಠದ ಖರ್ಚಿಗೂ ದಾನಧರ್ಮಕ್ಕೂ ಹೋಗಬೇಕು. ನೀರು ಮಠದ ಬಾವಿಯದು. ಬಾಟಲಿ ತುಂಬುವ ಕೆಲಸ ಮಾತ್ರ ಕೆಲವೇ ಕಿಲೋಮೀಟರ್ ಆಚೆಯ ಬೈಲೂ ಎಂಬಲ್ಲಿ. ಬಾಟಲಿಯೊಳಗೆ ಇನ್ನೊಂದು ಸುತ್ತು ಹುದುಗಿದ ಮೇಲೇ ಮಾರಾಟಕ್ಕೆ ಬಿಡುತ್ತಾರೆ.

ನಾಲ್ಕಕ್ಕೂ ಬೇರು ಒಂದೇ. 1948ರಲ್ಲಿ ಫಾದರ್ ಥಿಯೊಡೋರ್, ಲೂವೆನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಝಾನ್ ದ ಕ್ಲೆರ್ಕ್ ಅವರ ಸಹಾಯದಿಂದ ಬೇರ್ಪಡಿಸಿಕೊಂಡ ಯೀಸ್ಟ್ ಇದು. ಆ ಪ್ರೊಫೆಸರರ ಸಮಾಧಿಯೂ ಇದೇ ಮಠದಲ್ಲಿದೆ. ಯಾವ ಗ್ಲಾಸನ್ನು ಮೂಸಿದರೂ ತಳದಲ್ಲಿ ಮಾಗಿದ ಹಣ್ಣಿನ ಒಂದು ವಾಸನೆ ಇದ್ದೇ ಇರುತ್ತದೆ. ಅದು ಯೀಸ್ಟ್‌ನ ಕೆಲಸ, ಯಾವ ಹಣ್ಣನ್ನೂ ಹಾಕಿರುವುದಿಲ್ಲ.

ಗೋಲ್ಡ್‌ನಲ್ಲಿ ಆಲ್ಕೋಹಾಲ್ 4.8%. ಮೊದಲು ಇದು ಸನ್ಯಾಸಿಗಳು ತಮ್ಮ ಊಟಕ್ಕೆ ಇಟ್ಟುಕೊಳ್ಳುತ್ತಿದ್ದ ಬಿಯರ್, ಹೊರಗೆ ಸಿಗುತ್ತಿದ್ದುದೇ ಅಪರೂಪ. ಕೊತ್ತಂಬರಿ ಬೀಜ, ಕಹಿ ಕಿತ್ತಳೆ ಸಿಪ್ಪೆ ಬಿದ್ದಿದೆ. ಹಗುರ, ಚುರುಕು, ಬಿಸಿಲಿಗೆ ಹೇಳಿ ಮಾಡಿಸಿದ್ದು. ಆದರೆ ಉಳಿದ ಮೂರರ ಪಕ್ಕ ಕೂತಾಗ ಇದರ ದನಿ ಕೇಳಿಸುವುದೇ ಇಲ್ಲ. ಕಾರು ಓಡಿಸಬೇಕಿದ್ದ ಗೆಳೆಯ ಇದನ್ನೇ ಎರಡು ಗುಟುಕು ರುಚಿ ನೋಡಿ ಸುಮ್ಮನಾದ, ಆಮೇಲಿನದೆಲ್ಲ ನೀರು, ಚೀಸ್.

ರೆಡ್ 7%, ನಾಲ್ಕರಲ್ಲಿ ಹಿರಿಯಣ್ಣ. ತಾಮ್ರದ ಬಣ್ಣ, ಸ್ವಲ್ಪ ಜಲ್ದರು (ಏಪ್ರಿಕಾಟ್) ಹಣ್ಣಿನ ವಾಸನೆ, ಬಾಯಿಗೆ ಮೆತ್ತಗೆ. ಹಲಗೆಯ ಮೇಲೆ ಅತಿ ಹೆಚ್ಚು ಅನ್ಯಾಯವಾಗುವುದು ಇದಕ್ಕೆ. ಬ್ಲೂ ಕುಡಿದ ಬಾಯಿಗೆ ಇದು ನೀರುನೀರು, ವೈಟ್ ಕುಡಿದ ಬಾಯಿಗೆ ಮಂಕು. ತಣ್ಣಗಿದ್ದರಂತೂ ಏನೂ ತಿಳಿಯುವುದಿಲ್ಲ. ಇದನ್ನು 10ರಿಂದ 12 ಡಿಗ್ರಿಯಲ್ಲಿ ಕುಡಿಯಿರಿ ಅಂತ ಮಾಡುವವರೇ ಹೇಳುತ್ತಾರೆ, ಆದರೆ ನಾಲ್ಕು ಗ್ಲಾಸು ಒಟ್ಟಿಗೆ ಬಂದಾಗ ಅಷ್ಟು ತಾಳ್ಮೆ ಯಾರಿಗಿರುತ್ತೆ? ನಾನು ಅಂಗೈಯಲ್ಲಿ ಹಿಡಿದುಕೊಂಡು ಹತ್ತು ನಿಮಿಷ ಕಾದೆ. ಆಗ ಬ್ರೆಡ್ಡಿನ ಹೊರಪದರದಂಥ ಒಂದು ಹದ ಸುಟ್ಟ ರುಚಿ ಮೇಲೆದ್ದು ಬಂತು. ಒಂದೇ ಬಾಟಲಿ ತೆರೆದು ಊಟದ ಜೊತೆ ಕುಡಿದರೆ ಇದು ಬ್ಲೂಗಿಂತ ಒಳ್ಳೆಯ ಜೊತೆಗಾರ ಅನ್ನೋದು ನನ್ನ ಅಭಿಪ್ರಾಯ.

ಬ್ಲೂ 9%. ಕ್ರಿಸ್‌ಮಸ್ ಬಿಯರಾಗಿ ಹುಟ್ಟಿ ವರ್ಷಪೂರ್ತಿ ಉಳಿದುಕೊಂಡದ್ದು, ದೊಡ್ಡ ಬಾಟಲಿಯಲ್ಲಿ ಬಂದರೆ ಗ್ರಾಂಡ್ ರೆಸೆರ್ವ್ ಅನ್ನುತ್ತಾರೆ. ಕಡುಗಂದು, ನೊರೆ ದಟ್ಟ, ವಾಸನೆಯಲ್ಲಿ ಕರಿದ್ರಾಕ್ಷಿ, ಅಂಜೂರ, ಕಾಕಂಬಿ, ಹಿಂದಿನಿಂದ ಒಂಚೂರು ಮೆಣಸು. ಮೊದಲ ಗುಟುಕಿಗೇ "ಆಹಾ" ಅನ್ನಿಸುತ್ತದೆ. ನಮ್ಮಲ್ಲಿ ಸ್ಟ್ರಾಂಗ್ ಅಂದರೆ ಗಂಟಲು ಸುಡುವುದು ಅಂತಲೇ ಅರ್ಥ. ಇಲ್ಲಿ 9% ಇದ್ದರೂ ಅದು ಗೊತ್ತಾಗುವುದು ಎದ್ದು ನಿಂತಾಗ. ಆದರೆ ನಾಲ್ಕನೇ ಗುಟುಕಿನ ಹೊತ್ತಿಗೆ ಸಿಹಿ ನಾಲಗೆಯ ಮೇಲೆ ಪದರ ಕಟ್ಟುತ್ತದೆ. ಸಣ್ಣ ಗ್ಲಾಸಿನಲ್ಲಿ ಬ್ಲೂ ಗೆಲ್ಲುವುದು ಈ ಕಾರಣಕ್ಕೇ, ಬೇಸರ ಬರುವ ಮುಂಚೆ ಗ್ಲಾಸು ಖಾಲಿ. ಇಟ್ಟು ಕುಡಿಯುವವರಿಗೆ ಬೇಕಾದರೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಲೇಬಲ್ ಮೇಲೆ ತಯಾರಾದ ವರ್ಷ ಇರುತ್ತದೆ, ಕೆಲವು ವರ್ಷ ತಂಪು ಕತ್ತಲೆಯಲ್ಲಿ ಇಟ್ಟರೆ ಮೊನಚು ಇಳಿದು ಪಾಕ ಬರುತ್ತದೆ.

ಇನ್ನು ವೈಟ್. 8%, 1966ರಿಂದ ಬರುತ್ತಿರುವ ಟ್ರಿಪಲ್, ಅಂದರೆ ಬೆಲ್ಜಿಯಂ ಶೈಲಿಯ ತಿಳಿಬಣ್ಣದ ಸ್ಟ್ರಾಂಗ್ ಬಿಯರ್. ಹೆಸರು ವೈಟ್ ಆದರೂ ಬಣ್ಣ ಮಸುಕು ಬಂಗಾರದ್ದು. ಹಸಿರು ದ್ರಾಕ್ಷಿಯ ವಾಸನೆ, ಅದರ ಹಿಂದೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ, ಹಸಿ ಸೊಪ್ಪಿನಂಥ ವಾಸನೆ. ಬಾಯಿಗೆ ಬಿಟ್ಟರೆ ಮೊದಲು ಸಿಹಿ ಅನ್ನಿಸಿ, ನುಂಗುವಷ್ಟರಲ್ಲಿ ಒಣಗಿ, ಹೇರಳೆಕಾಯಿ ಸಿಪ್ಪೆ ಕಚ್ಚಿದಂಥ ಕಹಿ ನಾಲಗೆಯ ಬುಡದಲ್ಲಿ ನಿಂತುಬಿಡುತ್ತದೆ. ಆ ಕಹಿಯೇ ಮುಂದಿನ ಗುಟುಕಿಗೆ ಕರೆಯುತ್ತದೆ.

ಇದರ ಲೇಬಲ್ ಓದಿದರೆ ಪದಾರ್ಥಗಳಲ್ಲಿ ಸಕ್ಕರೆಯೂ ಇದೆ. ಹಾಗಿದ್ದರೆ ಸಿಹಿಯಾಗಬೇಕಿತ್ತಲ್ಲ? ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಬರುವ ಸಕ್ಕರೆಗಳಲ್ಲಿ ಒಂದು ಪಾಲನ್ನು ಯೀಸ್ಟ್ ಮುಟ್ಟುವುದಿಲ್ಲ, ಅದು ಉಳಿದು ಬಿಯರಿಗೆ ಮೈ ಕೊಡುತ್ತದೆ. ಬರೀ ಸಕ್ಕರೆಯನ್ನಾದರೆ ಚೂರೂ ಬಿಡದೆ ತಿಂದು ಮುಗಿಸುತ್ತದೆ. ಹಾಗಾಗಿ ಆಲ್ಕೋಹಾಲ್ ಏರುತ್ತದೆ, ಮೈ ತೆಳ್ಳಗೇ ಉಳಿಯುತ್ತದೆ. ಬೆಲ್ಜಿಯಂನವರು ಟ್ರಿಪಲ್‌ನಲ್ಲಿ ಮಾಡುವ ಚಮತ್ಕಾರ ಇಷ್ಟೇ. ಸಕ್ಕರೆ ಹಾಕೋದು ಕಳ್ಳದಾರಿ ಅಂತ ಮೂಗು ಮುರಿಯುವ ಬಿಯರ್ ಪಂಡಿತರು ಇದ್ದಾರೆ. ಅವರ ಗ್ಲಾಸನ್ನು ನನಗೆ ಕೊಡಲಿ.

2012ರಲ್ಲಿ ಬ್ರೂವರಿಯ 150ನೇ ವರ್ಷಕ್ಕೆಂದು ಮಾಡಿದ 10%ನ ಗ್ರೀನ್ ಕೂಡ ಇದೆ. ಮಸಾಲೆ ಘಾಟು ಜಾಸ್ತಿ. ನನಗೆ ಅಷ್ಟು ಹಿಡಿಸಲಿಲ್ಲ.

ನೀವು ಹೋದರೆ ಹಲಗೆ ಬಂದ ಕೂಡಲೇ ರೆಡ್, ಬ್ಲೂ ಎರಡನ್ನೂ ಪಕ್ಕಕ್ಕೆ ಸರಿಸಿ ಬಿಸಿಯೇರಲು ಬಿಡಿ. ಗೋಲ್ಡ್ ಮುಗಿಸಿ, ಆಮೇಲೆ ರೆಡ್, ಆಮೇಲೆ ವೈಟ್, ಕೊನೆಗೆ ಬ್ಲೂ. ಬಿಯರಿನಲ್ಲಿ ತೊಳೆದ ಸಿಪ್ಪೆಯ ಚೀಸನ್ನು ವೈಟ್ ಜೊತೆಗೇ ತಿನ್ನಿ, ಚೀಸಿನ ಜಿಡ್ಡನ್ನು ಅದರ ಕಹಿ ಸರಕ್ಕನೆ ಕಡಿಯುತ್ತದೆ. ಮನೆಯಲ್ಲಿ ನಮ್ಮ ಅಡುಗೆಯ ಜೊತೆಗಾದರೆ ಬೇರೆ ಲೆಕ್ಕ. ಖಾರದ ಕೋಳಿ ಸಾರಿಗೆ ವೈಟ್ ಬೇಡ, ಕಹಿಯೂ ಆಲ್ಕೋಹಾಲೂ ಸೇರಿ ಖಾರವನ್ನು ಇಮ್ಮಡಿ ಮಾಡುತ್ತವೆ, ಅಲ್ಲಿ ಗೋಲ್ಡ್ ಸರಿ. ಖಾರ ಕಡಿಮೆ ಹಾಕಿದ ಮಟನ್ ಚಾಪ್ಸಿಗೆ ರೆಡ್. ಬ್ಲೂ ಊಟವಾದ ಮೇಲೆ, ಒಂದು ಬಾಟಲಿ ಇಬ್ಬರಿಗೆ.