ಮೂರನೇ ಮಹಡಿಗೆ ಬಂದ ಮೂರು ವಾಷಿಂಗ್ ಮಷಿನ್‌ಗಳು

ಮದುವೆಯಾದ ಹದಿನಾಲ್ಕು ತಿಂಗಳೊಳಗೆ ನಮ್ಮ ಮನೆಗೆ ಮೂರು ವಾಷಿಂಗ್ ಮಷಿನ್‌ಗಳು ಬಂದವು. ಮೊದಲನೆಯದು ಫ್ರಂಟ್ ಲೋಡ್, ಮದುವೆಯಲ್ಲಿ ಮುಯ್ಯಿ ಬಂದ ಹಣದಲ್ಲಿ ಕೊಂಡದ್ದು. ಎರಡನೆಯದು ಟಾಪ್ ಲೋಡ್, ಮೂರು ತಿಂಗಳು ಬಾಡಿಗೆಗೆ ತಂದದ್ದು. ಮೂರನೆಯದು ಎರಡು ಟಬ್‌ಗಳ ಸೆಮಿ ಆಟೊಮ್ಯಾಟಿಕ್. ಈಗ ಮನೆಯಲ್ಲಿರುವುದು ಈ ಮೂರನೆಯದು. ಮೂರರಲ್ಲೂ ಅಗ್ಗದ್ದು ಇದೇ, ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದೂ ಇದೇ, ನನಗೆ ಮನಸ್ಸಿಗೆ ಒಪ್ಪಿದ್ದೂ ಇದೇ. ಎರಡು ಸಲ ಎಡವಿದ ಮೇಲೆ ಇಲ್ಲಿಗೆ ಬಂದಿದ್ದೇನೆ. ಹೊಸದಾಗಿ ಸಂಸಾರ ಹೂಡುತ್ತಿರುವವರು ನಮ್ಮಂತೆ ಹಣ ಕಳೆದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು, ಏಕೆಂದರೆ ಇಡೀ ಕಥೆ ನಿಂತಿರುವುದು ಅದರ ಮೇಲೆ. ಬೆಂಗಳೂರಿನ ನಾಗರಭಾವಿಯಲ್ಲಿ ಬಾಡಿಗೆ ಮನೆ. ಮೂರನೇ ಮಹಡಿ, ಮೇಲೆ ತಾರಸಿ ಬಿಟ್ಟರೆ ಬೇರೇನೂ ಇಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ನೆಲದಡಿಯ ಸಂಪ್‌ಗೆ ಬರುತ್ತದೆ. ಅದು ಸಾಲದಿದ್ದಾಗ ಬೋರ್‌ವೆಲ್ ನೀರು ಸೇರುತ್ತದೆ. ಮಾಲೀಕರು ಬೆಳಿಗ್ಗೆ ಆರೂವರೆಗೆ ಮೋಟಾರು ಹಾಕಿ ಮೇಲಿನ ಟ್ಯಾಂಕ್ ತುಂಬಿಸುತ್ತಾರೆ. ನಾನು ಎಂಟೂವರೆಗೆ ಕಚೇರಿಗೆ ಹೊರಡುತ್ತೇನೆ. ನನ್ನ ಗಂಡ ವಾರದಲ್ಲಿ ಐದು ದಿನ ಬ್ಯಾಡ್ಮಿಂಟನ್ ಆಡುತ್ತಾರೆ. ಬೆವರಿನಲ್ಲಿ ತೊಯ್ದ ಆ ಟೀ ಶರ್ಟ್‌ಗಳನ್ನು ಭಾನುವಾರದವರೆಗೆ ಬುಟ್ಟಿಯಲ್ಲಿ ಬಿಡುವಂತಿಲ್ಲ. ಹೀಗಾಗಿ ವಾರದ ನಡುವೆ ಒಂದು ಸಲ, ಅದೂ ಸಂಜೆ ಹೊತ್ತು, ಬಟ್ಟೆ ಒಗೆಯಲೇಬೇಕು.

ಫ್ರಂಟ್ ಲೋಡ್ ಬಂದ ಮೊದಲ ಭಾನುವಾರ ಎಲ್ಲವೂ ಚೆನ್ನಾಗಿತ್ತು. ಬುಧವಾರ ಸಂಜೆ ಏಳಕ್ಕೆ ಬಟ್ಟೆ ಹಾಕಿದೆವು. ಇಪ್ಪತ್ತು ನಿಮಿಷದ ನಂತರ ಮಷಿನ್ ಬೀಪ್ ಎಂದು ಕೂಗಿ ನಿಂತಿತು. ನೀರು ಬರುತ್ತಿಲ್ಲ ಎಂಬ ಸೂಚನೆ. ನಲ್ಲಿ ತಿರುಗಿಸಿದರೆ ನೀರು ಬರುತ್ತಿದೆ, ಬಕೆಟ್ ತುಂಬುತ್ತಿದೆ! ಮತ್ತೆ ಚಾಲೂ ಮಾಡಿದೆವು, ಮತ್ತೆ ನಿಂತಿತು. ಬಾಗಿಲು ಬಿಗಿಯಾಗಿ ಮುಚ್ಚಿಕೊಂಡಿತ್ತು, ಒಳಗೆ ಅರ್ಧ ನೆನೆದ ಬಟ್ಟೆ. ರಾತ್ರಿ ಹತ್ತೂವರೆಗೆ ಕೆಳಗಿನ ಪುಟ್ಟ ಕೊಳವೆಯಿಂದ ನೀರನ್ನು ತಟ್ಟೆಗೆ ಬಸಿದು, ಬಟ್ಟೆ ಹೊರತೆಗೆದು, ಬಚ್ಚಲಲ್ಲಿ ಕುಳಿತು ಇಬ್ಬರೂ ಕೈಯಲ್ಲಿ ಜಾಲಾಡಿಸಿ ಹಿಂಡಿದೆವು. ಮರುದಿನ ಬೆಳಿಗ್ಗೆ ಪರೀಕ್ಷಿಸಿದರೆ ಮಷಿನ್ ಯಾವ ತಕರಾರೂ ಇಲ್ಲದೆ ಓಡಿತು.

ಹತ್ತು ತಿಂಗಳು ಇದೇ ನಡೆಯಿತು. ಬೆಳಿಗ್ಗೆ ಸರಿ, ಸಂಜೆ ತಕರಾರು. ಮೆಕ್ಯಾನಿಕ್ ಮೂರು ಸಲ ಬಂದರು. ಒಮ್ಮೆ ನೀರು ಒಳಹೋಗುವ ಕಡೆಯ ಪುಟ್ಟ ಜಾಲರಿಯಲ್ಲಿ ಮರಳು ಕೂತಿದೆ ಎಂದು ತೊಳೆದು ಹೋದರು. ಇನ್ನೊಮ್ಮೆ ವಾಲ್ವ್ ಬದಲಿಸಿದರು. ಅವರು ಬರುತ್ತಿದ್ದುದು ಬೆಳಿಗ್ಗೆ ಹತ್ತರ ಒಳಗೆ, ಆಗ ಮಷಿನ್ ಚೆನ್ನಾಗಿಯೇ ಓಡುತ್ತಿತ್ತು. ನಾನು ರಜೆ ಹಾಕಿ ಕಾದು, ಸಂಜೆಯ ಕಥೆ ವಿವರಿಸಿದರೆ, “ಈಗ ಸರಿಯಾಗಿದೆಯಲ್ಲ ಮೇಡಂ” ಎನ್ನುತ್ತಿದ್ದರು. ನಾನೇ ಏನೋ ತಪ್ಪು ಗುಂಡಿ ಒತ್ತುತ್ತಿದ್ದೇನೆಂಬ ಅನುಮಾನ ನನಗೂ ಬರತೊಡಗಿತ್ತು. ಆ ಸಂಕಟವನ್ನು ನಾನು ಮರೆತಿಲ್ಲ.

ಕೊನೆಗೆ ಗಂಟು ಬಿಡಿಸಿದ್ದು ನನ್ನ ಗಂಡ. ಒಂದು ರಾತ್ರಿ ಕೈಪಿಡಿಯನ್ನು ಮೊದಲಿನಿಂದ ಓದುತ್ತಾ ಕುಳಿತವರು ಕೊನೆಯ ಪುಟಗಳಲ್ಲಿ ಒಂದು ಸಾಲು ಹಿಡಿದರು. ನೀರಿನ ಒತ್ತಡ ಕನಿಷ್ಠ 0.3 ಬಾರ್ ಇರಬೇಕು. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1 ಬಾರ್. ಅಂದರೆ 0.3 ಬಾರ್ ಬೇಕಾದರೆ ನಲ್ಲಿಯಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ 3 ಮೀಟರ್, ಹತ್ತಿರ ಹತ್ತಿರ 10 ಅಡಿ ಎತ್ತರ ಬೇಕು. ಮರುದಿನ ಅಳತೆ ಟೇಪು ಹಿಡಿದು ತಾರಸಿಗೆ ಹೋದೆವು. ಟ್ಯಾಂಕ್ ತುಂಬಿದಾಗ ನಮ್ಮ ನಲ್ಲಿಗೂ ನೀರಿನ ಮಟ್ಟಕ್ಕೂ 12 ಅಡಿ. ಸಂಜೆಯ ಹೊತ್ತಿಗೆ ಮೂರು ಮನೆಯವರು ಬಳಸಿ ಕಾಲು ಟ್ಯಾಂಕ್ ಉಳಿದಾಗ ಒಂಬತ್ತೂವರೆ ಅಡಿ. ಜೊತೆಗೆ ಪೈಪಿನ ತಿರುವುಗಳಲ್ಲಿ ಇನ್ನಷ್ಟು ಒತ್ತಡ ಸೋರಿಹೋಗುತ್ತದೆ. ಬಕೆಟ್‌ಗೆ ಎಷ್ಟು ಸಣ್ಣ ಧಾರೆಯಾದರೂ ಸಾಕು. ಮಷಿನ್ನಿನ ವಾಲ್ವ್ ಹಾಗಲ್ಲ, ಅದರೊಳಗಿನ ರಬ್ಬರ್ ಪೊರೆ ಪೂರ್ತಿ ತೆರೆದುಕೊಳ್ಳಬೇಕಾದರೆ ನೀರೇ ಅದನ್ನು ಒತ್ತಬೇಕು. ನಮ್ಮ ಮಷಿನ್ ಕೆಟ್ಟಿರಲೇ ಇಲ್ಲ. ಟ್ಯಾಂಕಿಗೆ ತೀರಾ ಹತ್ತಿರವಿದ್ದ ಮನೆಯಲ್ಲಿ ಅದನ್ನು ತಂದು ಇಟ್ಟಿದ್ದೆವು, ಅಷ್ಟೇ.

ನನಗೆ ಸಿಟ್ಟು ಇರುವುದು ಒಂದೇ ವಿಷಯಕ್ಕೆ. ಕೊಳ್ಳುವಾಗ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕುಳಿತಿದ್ದೆವು. ಎಷ್ಟು ಕಿಲೋ, ಯಾವ ಬಣ್ಣ, ಎಷ್ಟು ಕಂತು ಎಂದೆಲ್ಲ ಕೇಳಿದರು. ಯಾವ ಮಹಡಿ ಎಂದು ಯಾರೂ ಕೇಳಲಿಲ್ಲ. ಮಷಿನ್ ಕೂರಿಸಲು ಬಂದವರು ಅದನ್ನು ಮೂರು ಮಹಡಿ ಹೊತ್ತು ತಂದರು, ಅವರೂ ಕೇಳಲಿಲ್ಲ. ಕೆಳಗಿನ ಮಹಡಿಗಳಲ್ಲಿ ಇರುವವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ, ಪ್ರತಿ ಮಹಡಿ ಇಳಿದಂತೆ ಇನ್ನೊಂದು 0.3 ಬಾರ್ ತಾನಾಗಿಯೇ ಸಿಗುತ್ತದೆ.

ಒತ್ತಡ ಹೆಚ್ಚಿಸುವ ಪುಟ್ಟ ಪಂಪು ಕೂರಿಸಬಹುದಿತ್ತು. ಅದಕ್ಕೆ ಆರೇಳು ಸಾವಿರ ಖರ್ಚು, ಜೊತೆಗೆ ಪೈಪು ಕತ್ತರಿಸಬೇಕು. ಬಾಡಿಗೆ ಮನೆ, ಮಾಲೀಕರು ಒಪ್ಪಲಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ, ಟ್ಯಾಂಕ್ ಎಲ್ಲರದೂ ತಾನೆ. 28,000 ರೂಪಾಯಿಗೆ ಕೊಂಡ ಮಷಿನ್ನನ್ನು ನೆಲಮಹಡಿಯಲ್ಲಿರುವ ನನ್ನ ಗಂಡನ ಸಹೋದ್ಯೋಗಿಗೆ 16,000ಕ್ಕೆ ಕೊಟ್ಟೆವು. ಅವರ ಮನೆಯಲ್ಲಿ ಅದು ಇಂದಿಗೂ ಒಂದು ದಿನವೂ ನಿಂತಿಲ್ಲ.

ಅದನ್ನು ಮಾರುವ ಮುನ್ನ ಒಂದು ಗುಣ ಒಪ್ಪಿಕೊಂಡಿದ್ದೆ, ಈಗಲೂ ಒಪ್ಪುತ್ತೇನೆ: ಬಟ್ಟೆಯನ್ನು ಅದರಷ್ಟು ಮೃದುವಾಗಿ ಒಗೆಯುವ ಮಷಿನ್ ಬೇರೆ ಇಲ್ಲ. ನೀರೂ ಬಹಳ ಕಡಿಮೆ.

ಟಾಪ್ ಲೋಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರ ಜನವರಿಯಲ್ಲಿ ಬಾಡಿಗೆಗೆ ತಂದೆವು. ನಾವು ತಂದದ್ದು ನೀರು ನಿಧಾನವಾಗಿ ಬಂದರೆ ನಿಲ್ಲುತ್ತಿರಲಿಲ್ಲ, ತಾಳ್ಮೆಯಿಂದ ಕಾಯುತ್ತಿತ್ತು. ಆದರೆ ಒಮ್ಮೆ ತುಂಬಲು ಇಪ್ಪತ್ತು ನಿಮಿಷ. ತುಂಬಿ, ಒಗೆದು, ನೀರು ಹೊರಚೆಲ್ಲಿ, ಮತ್ತೆ ತುಂಬಿ ಜಾಲಾಡಿಸಿ ಮುಗಿಸುವಷ್ಟರಲ್ಲಿ ರಾತ್ರಿಯ ಊಟವೂ ಮುಗಿದಿರುತ್ತಿತ್ತು. ಮಾರ್ಚ್ ಬಂತು. ಆ ಬೇಸಿಗೆಯ ನೀರಿನ ಬವಣೆ ಬೆಂಗಳೂರಿನಲ್ಲಿದ್ದ ಎಲ್ಲರಿಗೂ ನೆನಪಿರುತ್ತದೆ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ಆಗಲೇ. ನಮ್ಮ ಬೀದಿಗೂ ಟ್ಯಾಂಕರ್ ಬರತೊಡಗಿತು. ಒಂದು ದಿನ ಮಷಿನ್ನಿನ ಹೊರಪೈಪನ್ನು 20 ಲೀಟರ್ ಬಕೆಟ್‌ಗಳಿಗೆ ಹಿಡಿದು ಎಣಿಸಿದೆ. ಆರು ಬಕೆಟ್ ತುಂಬಿ ಏಳನೆಯದು ಅರ್ಧವಾಯಿತು. ಆ ಬಟ್ಟೆಗಳ ನಡುವೆ ಹೆಚ್ಚು ಕೊಳೆಯಾಗಿದ್ದು ಎರಡೇ ಎರಡು. ಅಂದೇ ಅದನ್ನು ಹಿಂದಿರುಗಿಸಲು ತೀರ್ಮಾನಿಸಿದೆ.

ಸೆಮಿ ಆಟೊಮ್ಯಾಟಿಕ್ ತರೋಣ ಎಂದದ್ದು ನಮ್ಮ ಅತ್ತೆ. ಚಿಕ್ಕಮಗಳೂರಿನ ಅವರ ಮನೆಯಲ್ಲಿ ಹದಿಮೂರು ವರ್ಷದಿಂದ ಅಂಥದೊಂದು ಓಡುತ್ತಿದೆ. “ನೀರು ನೀನು ಹಾಕಿದರೆ ಅದು ತಿರುಗುತ್ತದೆ ಕಣಮ್ಮ, ಅದಕ್ಕೆ ಇನ್ನೇನೂ ಬೇಕಾಗಿಲ್ಲ” ಎಂದರು. ಏಳೂವರೆ ಕಿಲೋದ್ದಕ್ಕೆ 11,500 ರೂಪಾಯಿ ಕೊಟ್ಟೆವು.

ಒತ್ತಡದ ಮಾತೇ ಇಲ್ಲಿಲ್ಲ. ನಲ್ಲಿ ಸಣ್ಣಗೆ ಬಂದರೆ ಬಕೆಟ್‌ನಿಂದ ಸುರಿಯುತ್ತೇನೆ. ಬಿಸಿನೀರು ಬೇಕಿದ್ದರೆ ಗೀಸರ್‌ನಿಂದ ಹಿಡಿದು ಬೆರೆಸುತ್ತೇನೆ. ಕಾವೇರಿ ನೀರು ಬಂದ ದಿನ ಎರಡು ಬಕೆಟ್ ಬೇರೆ ಹಿಡಿದಿಟ್ಟು ಬಿಳಿ ಬಟ್ಟೆಗೆ ಅದನ್ನೇ ಹಾಕುತ್ತೇನೆ. ಇದು ದೊಡ್ಡ ಲಾಭ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಜಿಗುಟಾದ ಬಿಳಿ ಕೆಸರಾಗಿ ಬಟ್ಟೆಯಲ್ಲೇ ಕೂರುತ್ತವೆ, ನೊರೆಯೂ ಬರುವುದಿಲ್ಲ, ಬಟ್ಟೆ ಒಣಗಿದ ಮೇಲೆ ಒರಟಾಗುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕೆನ್ನುವುದು ಭಾರತೀಯ ಮಾನಕ. ನಮ್ಮ ಬೋರ್‌ವೆಲ್ ನೀರಿಗೆ ಪರೀಕ್ಷಾ ಪಟ್ಟಿ ಅದ್ದಿದರೆ ಅದು 400 ದಾಟಿದ ಬಣ್ಣ ತೋರಿಸಿತು. ತಾನಾಗಿ ನೀರೆಳೆದುಕೊಳ್ಳುವ ಮಷಿನ್‌ಗೆ ಟ್ಯಾಂಕಿನಲ್ಲಿ ಇದ್ದದ್ದೇ ನೀರು, ಆಯ್ಕೆಯಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಸಮಾಧಾನ ಕೊಟ್ಟಿದೆ. ಒಂದೇ ನೀರಿನಲ್ಲಿ ಮೊದಲು ಬಿಳಿ ಅಂಗಿಗಳು, ಆಮೇಲೆ ಬಣ್ಣದವು, ಕೊನೆಗೆ ಕಾಲೊರಸುವ ಬಟ್ಟೆಗಳು ಹೀಗೆ ಸಾಲಾಗಿ ಒಗೆಯಬಹುದು. ಜಾಲಾಡಿಸಿದ ನೀರು ಬಕೆಟ್‌ಗೆ ಇಳಿಯುತ್ತದೆ, ಅದರಲ್ಲೇ ನೆಲ ಒರೆಸುತ್ತೇವೆ, ಉಳಿದದ್ದು ಶೌಚಾಲಯಕ್ಕೆ. ನಡುವೆ ಕರೆಂಟು ಹೋದರೆ ಮುಚ್ಚಳ ತೆಗೆದು ಬಟ್ಟೆ ಎತ್ತಿಕೊಳ್ಳಬಹುದು.

ಕುಂದು ಇಲ್ಲವೆಂದಲ್ಲ. ಒಗೆಯುವ ಟಬ್‌ನಿಂದ ಡ್ರೈಯರ್‌ಗೆ ಬಟ್ಟೆ ನಾವೇ ವರ್ಗಾಯಿಸಬೇಕು. ಡ್ರೈಯರ್‌ನಲ್ಲಿ ಬಟ್ಟೆ ಒಂದೇ ಪಕ್ಕಕ್ಕೆ ಕೂತರೆ ಮಷಿನ್ ದಡದಡನೆ ಕುಣಿಯುತ್ತದೆ. ಒಳಗಿನ ಪ್ಲಾಸ್ಟಿಕ್ ತಟ್ಟೆಯಿಂದ ಬಟ್ಟೆಯನ್ನು ಸಮವಾಗಿ ಅಮುಕಿದರೆ ಸರಿಯಾಗುತ್ತದೆ. ರೇಷ್ಮೆ ಮತ್ತು ಇಳಕಲ್ ಸೀರೆಗಳನ್ನು ನಾನು ಇದಕ್ಕೆ ಹಾಕುವುದಿಲ್ಲ, ಬೇರೆ ಯಾವುದಕ್ಕೂ ಹಾಕುತ್ತಿರಲಿಲ್ಲ. ಒಟ್ಟು ಮುಕ್ಕಾಲು ಗಂಟೆ ಯಾರಾದರೂ ಒಬ್ಬರು ಮನೆಯಲ್ಲಿ ಓಡಾಡಿಕೊಂಡಿರಬೇಕು. ನಮ್ಮಲ್ಲಿ ಬುಧವಾರ ಅಡುಗೆ ನನ್ನದು, ಬಟ್ಟೆ ಅವರದು. ಅನ್ನಕ್ಕಿಟ್ಟು ಸಾರು ಕುದಿಯುವ ಹೊತ್ತಿಗೆ ಅವರು ಬಕೆಟ್ ಹಿಡಿದು ತಾರಸಿ ಹತ್ತುತ್ತಾರೆ.

ದಿನವಿಡೀ ಹೊರಗಿದ್ದು, ಗುಂಡಿ ಒತ್ತಿ ಮಲಗಿಬಿಡುವವರಿಗೆ ಇದು ಒಗ್ಗುವುದಿಲ್ಲ. ನೆಲಮಹಡಿ ಅಥವಾ ಮೊದಲ ಮಹಡಿ, ಒಳ್ಳೆಯ ನೀರು, ಮೂವತ್ತು ಸಾವಿರದಷ್ಟು ಹಣ, ಮೂರೂ ಇದ್ದರೆ ಫ್ರಂಟ್ ಲೋಡ್ ಕೊಳ್ಳಿ. ತಾರಸಿಯ ಕೆಳಗೇ ಮನೆಯಿದ್ದರೆ ಅಂಗಡಿಗೆ ಹೋಗುವ ಮುನ್ನ ಸಂಜೆ ಏಳಕ್ಕೆ ಟೇಪು ಹಿಡಿದು ಮೇಲೆ ಹತ್ತಿ, ನಲ್ಲಿಯಿಂದ ಟ್ಯಾಂಕಿನ ನೀರಿನವರೆಗೆ ಎಷ್ಟಿದೆ ನೋಡಿ. ಬೆಳಿಗ್ಗೆ ಅಳೆಯಬೇಡಿ.